ಜೂನಿಯರ್ ಹಾಕಿಯ ಅಭಿಪ್ರಾಯ ಮೀಮಾಂಸೆ

ಇನ್ನು ಅಭಿಪ್ರಾಯದ ವಿಚಾರ.

ಇದು ಮೊದಲನೆಯ ಸೂತ್ರ. ಇಲ್ಲಿ 'ಇನ್ನು' ಎಂದರೆ ಯಾವುದರ ಬಳಿಕ? ಜೂನ್‌ನಲ್ಲಿ ಶಾಲೆ ತೆರೆದು, ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು ನಿಂತು, ಮುಂಬೈಯ ಮಣ್ಣಿನ ಮೈದಾನಗಳೆಲ್ಲ ಗದ್ದೆಯಾದ ಬಳಿಕ ಎಂದು ಅರ್ಥ. ಆಟ ನಡೆಯುವ ದಿನಗಳಲ್ಲಿ ಅಭಿಪ್ರಾಯಕ್ಕೆ ಆಟವೇ ದೊಡ್ಡ ಅಡ್ಡಿ. ಯಾವನೋ ಹುಡುಗ ಗೋಲು ಹೊಡೆದು ಹಿರಿಯರ ಮಾತನ್ನು ಕೆಡಿಸಿಬಿಡುತ್ತಾನೆ. ಆದ್ದರಿಂದ ಶುದ್ಧ ಅಭಿಪ್ರಾಯವು ಸೀಸನ್ನಿಗೆ ಮುಂಚಿನ ಮಳೆಯಲ್ಲಿ ಮಾತ್ರ ಹುಟ್ಟುತ್ತದೆ.

ಹುಟ್ಟುವ ಸ್ಥಳ: ಮಾಟುಂಗಾದ ಒಂದು ಉಡುಪಿ ಹೋಟೆಲು, ಗಲ್ಲೆಯ ಪಕ್ಕದ ಮೇಜು. ಪರಿಷತ್ತಿನಲ್ಲಿ ನಾಲ್ವರು. ಕೊಡಗಿನಿಂದ ಬಂದು ಬ್ಯಾಂಕಿನಲ್ಲಿ ನಿವೃತ್ತರಾದವರು ಒಬ್ಬರು. ವಿರಾರಿನಿಂದ ದಿನಾ ಬರುವ, ಮಗನನ್ನು ಲೆಫ್ಟ್ ಹಾಫ್‌ಗೆ ಆಡಿಸುವ ತಂದೆ ಒಬ್ಬರು. ಪ್ರಬಂಧಕಾರನಾದ ನಾನು. ನಾಲ್ಕನೆಯವರು ಗಲ್ಲೆಯ ಶೆಟ್ಟರು. ಅವರು ಈವರೆಗೆ ಒಂದು ಹಾಕಿ ಪಂದ್ಯವನ್ನೂ ನೋಡಿಲ್ಲ. ಪಕ್ಷಪಾತ ಇರಬಾರದೆಂದು ಅಂತಿಮ ತೀರ್ಪು ಅವರದೇ.

ಲಕ್ಷಣ ಹೇಳದೆ ಶಾಸ್ತ್ರ ಮುಂದಕ್ಕೆ ಹೋಗದು. ಜೂನಿಯರ್ ಎಂದರೆ ಯಾರು? ಅಂತರರಾಷ್ಟ್ರೀಯ ಫೆಡರೇಶನ್ನಿನ ಮತದಲ್ಲಿ, ಜೂನಿಯರ್ ವಿಶ್ವಕಪ್ ಆಡಬಲ್ಲವನು, ಎಂದರೆ 21ರೊಳಗಿನವನು. ಹಾಕಿ ಇಂಡಿಯಾದ ಮತದಲ್ಲಿ 19ರೊಳಗಿನವನು; 16ರೊಳಗಿದ್ದರೆ ಸಬ್ ಜೂನಿಯರ್. ಕೊಡಗಿನವರದು ಅದ್ವೈತ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡಕ್ಕೆ ಆಡುತ್ತಾರೆ. 60 ಕುಟುಂಬಗಳಿಂದ ಹೊರಟದ್ದು 2024ರಲ್ಲಿ 360 ಆದರೂ ಅಲ್ಲಿ ಭೇದಬುದ್ಧಿ ಹುಟ್ಟಲಿಲ್ಲ. ಮುಂಬೈಯ ಪ್ರಾಯೋಗಿಕ ಲಕ್ಷಣ ಮಾತ್ರ ಬೇರೆ: ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಇನ್ನೂ ಕೆಲಸ ಸಿಕ್ಕದವನೇ ಜೂನಿಯರ್. ಇದಕ್ಕೆ ಅತಿವ್ಯಾಪ್ತಿ ದೋಷವಿದೆ. ಅದರ ಪ್ರಕಾರ ಐವತ್ತೆಂಟರ ನಾನೂ ಜೂನಿಯರ್.

ಪ್ರಮಾಣಗಳಲ್ಲಿ ಪ್ರತ್ಯಕ್ಷವನ್ನು ಪರಿಷತ್ತು ಮೊದಲ ದಿನವೇ ತಳ್ಳಿಹಾಕಿತು. ಚರ್ಚ್‌ಗೇಟಿನ ಹಾಕಿ ಮೈದಾನಕ್ಕೆ ಹೋಗಿ ಹುಡುಗರ ಪ್ರಾಕ್ಟೀಸು ನೋಡಿ ಬರೋಣವೇ ಎಂದು ನಾನು ಕೇಳಿದ್ದು ಹೌದು. "ನೋಡಿದ್ಮೇಲೆ ಹೇಳೋದು ಯಾರಿಗೆ ಬರಲ್ಲ?" ಎಂದರು ಬ್ಯಾಂಕಿನವರು. ಉತ್ತರ ಹೊಳೆಯದೆ ಇನ್ನೊಂದು ಕಾಫಿ ಹೇಳಿದೆ.

ಮುಂದಿನದು ಅನುಮಾನ. ಈ ಶಾಸ್ತ್ರದ ಪ್ರಾಣವೇ ಅದು, ಅದರ ಪ್ರಾಣ ಮೀಸೆ. ಎದುರು ಶಾಲೆಯ 14ರೊಳಗಿನ ತಂಡದ ಸೆಂಟರ್ ಫಾರ್ವರ್ಡನ ಬಗ್ಗೆ ವಿರಾರಿನವರು ಪಂಚಾವಯವ ವಾಕ್ಯವನ್ನು ಹೀಗೆ ಕಟ್ಟಿದರು. ಪ್ರತಿಜ್ಞೆ: ಈ ಹುಡುಗನಿಗೆ ವಯಸ್ಸು ಮೀರಿದೆ. ಹೇತು: ಮೀಸೆ ಇರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಮೀಸೆಯೋ ಅಲ್ಲಲ್ಲಿ ಮೀರಿದ ವಯಸ್ಸು, ಅಡುಗೆಮನೆಯಲ್ಲಿರುವಂತೆ (ಒಳಗೆ ಭಟ್ಟರು ದೋಸೆ ಹುಯ್ಯುತ್ತಿದ್ದರು). ಉಪನಯ: ಇವನಿಗೂ ಅಂಥದೇ ಮೀಸೆ. ನಿಗಮನ: ಆದ್ದರಿಂದ ಬರ್ತ್ ಸರ್ಟಿಫಿಕೇಟ್ ಸುಳ್ಳು. ಎಲ್ಲಿ ವಯಸ್ಸು ಮೀರಿಲ್ಲವೋ ಅಲ್ಲಿ ಮೀಸೆಯೂ ಇಲ್ಲ, ಕೆರೆಯಲ್ಲಿರುವಂತೆ ಎಂದೂ ಸೇರಿಸಿದರು. ಕೆರೆಗೆ ವಯಸ್ಸೆಷ್ಟು ಎಂದು ಯಾರೂ ಕೇಳಲಿಲ್ಲ.

ಈ 'ಎಲ್ಲೆಲ್ಲಿ-ಅಲ್ಲಲ್ಲಿ'ಯ ವ್ಯಾಪ್ತಿಯನ್ನು ಮುರಿದವರು ಶೆಟ್ಟರು. ಚಿಲ್ಲರೆ ಎಣಿಸುತ್ತಲೇ, "ನಮ್ಮ ಅಕ್ಕನ ಮಗನಿಗೆ ಎಂಟನೇ ಕ್ಲಾಸಿಗೇ ಮೀಸೆ ಬಂದಿತ್ತು ಮಾರಾಯ್ರೇ. ಮೂವತ್ತಾಯ್ತು, ಬುದ್ಧಿ ಇನ್ನೂ ಬರ್ಲಿಲ್ಲ" ಎಂದರು. ಹೇತು ಸವ್ಯಭಿಚಾರವಾಯಿತು. ವಿರಾರಿನವರು ಕೂಡಲೇ ತಿದ್ದುಪಡಿ ತಂದರು: ಎದುರು ತಂಡದವನ ಮೀಸೆ ವಯಸ್ಸಿನ ಲಿಂಗ, ನಮ್ಮ ತಂಡದವನದು ವಂಶಪಾರಂಪರ್ಯ. ಸಭೆ ಒಪ್ಪಿತು. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ವಿಧಾನ ವೈದ್ಯರಲ್ಲಿದೆ ನಿಜ. ಆದರೆ ಎದುರಿಗೇ ಮೀಸೆ ಕಾಣುತ್ತಿರುವಾಗ ಎಲುಬಿನವರೆಗೆ ಹೋಗುವುದು ಗೌರವ, ಎಂದರೆ ಅನಗತ್ಯ ಭಾರ, ಎಂಬ ದೋಷ.

ತಂಡಗಳ ವಿಷಯದಲ್ಲಿ ಅಭಿಪ್ರಾಯ ಪ್ರತಿವರ್ಷವೂ ಒಂದೇ: ಈ ಸಲ ಬಾಂದ್ರಾ. ಕಾರಣ, ಬಾಂದ್ರಾದ ನೀರಿನಲ್ಲೇ ಹಾಕಿ ಇದೆ. 1863ರಲ್ಲಿ ಆರಂಭವಾದ ಅಲ್ಲಿನ ಸೇಂಟ್ ಸ್ಟಾನಿಸ್ಲಾಸ್ ಶಾಲೆಯಿಂದ ವೀರೇನ್ ರಸ್ಕಿನ್ಹಾ 2004ರ ಅಥೆನ್ಸ್‌ವರೆಗೆ ಹೋದರಲ್ಲ? ಪೂರ್ವಪಕ್ಷ ಇಷ್ಟು. ಸಿದ್ಧಾಂತಿ ಹೇಳುತ್ತಾನೆ: ಬಾಂದ್ರಾಕ್ಕೂ ಮಾಟುಂಗಾಕ್ಕೂ ನೀರು ಬರುವುದು ಭಾತ್ಸಾ, ತಾನ್ಸಾ, ವೈತರಣಾಗಳ ಒಂದೇ ಮುನಿಸಿಪಾಲಿಟಿ ಏರ್ಪಾಡಿನಿಂದ. ಖಡಕಿಯ ಗಲ್ಲಿಗಳಲ್ಲಿ ಮುರಿದ ಸ್ಟಿಕ್ ಹಿಡಿದು ಬೆಳೆದು ಆಮೇಲೆ ಮುಂಬೈಗೆ ಬಂದ ಧನರಾಜ್ ಪಿಳ್ಳೈ 4 ಒಲಿಂಪಿಕ್ಸ್ ಆಡಿದ್ದು ಯಾವ ನಲ್ಲಿಯ ನೀರು ಕುಡಿದು? ಬಾಂದ್ರಾದ ಹುಡುಗನಿಗೆ ಸಂಜೆ ಆಡಲು ಮೈದಾನವಿದೆ, ತಪ್ಪು ಹೊಡೆದರೆ ಬೈಯುವ ಹಿರಿಯ ಆಟಗಾರರು ಬೇಲಿಯ ಆಚೆಗೇ ನಿಂತಿರುತ್ತಾರೆ. ಇಷ್ಟು ಹೇಳಿದ್ದಕ್ಕೆ ನನ್ನನ್ನು ನಾಸ್ತಿಕನೆಂದರು.

ಶಬ್ದಪ್ರಮಾಣದಲ್ಲಿ ಬ್ಯಾಂಕಿನವರದೇ ಮೇಲುಗೈ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರಲ್ಲಿ ಸಿಯೋಲ್ ಒಲಿಂಪಿಕ್ಸ್‌ಗೆ ನಾಯಕರಾಗಿ ಹೋದ ಎಂ.ಎಂ. ಸೋಮಯ್ಯ ಕೊಡಗಿನವರು, ಬ್ಯಾಂಕಿನವರೂ ಕೊಡಗಿನವರು, ಇನ್ನು ಮಾತಿದೆಯೇ? ವಿರಾರಿನವರ ಆಧಾರ 1982ರ ಬಾಂಬೆ ವಿಶ್ವಕಪ್. ಪಾಕಿಸ್ತಾನ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿದ ಆ ಫೈನಲನ್ನು ತಾನು ಮೆಟ್ಟಿಲ ಮೇಲೆ ಕೂತು ನೋಡಿದ್ದಾಗಿ ಅವರ ಹೇಳಿಕೆ. ಅವರಿಗೀಗ ನಲವತ್ತು. ಸ್ಮೃತಿ ಪ್ರಮಾಣವಲ್ಲವೆಂದು ತಾರ್ಕಿಕರ ಮತ. ಪೂರ್ವಜನ್ಮದ ಸ್ಮೃತಿಗೆ ಆ ನಿಯಮವನ್ನು ಯಾರೂ ಸ್ಪಷ್ಟವಾಗಿ ಹಾಕಿಲ್ಲವಾದ್ದರಿಂದ ಸೇರಿಸಿಕೊಂಡೆವು.

ಕೊನೆಯದು ಅನುಪಲಬ್ಧಿ, ಇಲ್ಲದ್ದನ್ನು ಇಲ್ಲವೆಂದು ತಿಳಿಯುವ ಪ್ರಮಾಣ. ಜೂನ್‌ನಿಂದ ಆಗಸ್ಟಿನವರೆಗೆ ನಾನು ಬರೆದಿಟ್ಟ ಅಭಿಪ್ರಾಯಗಳನ್ನು ತಿರುವಿದಾಗ ಒಂದೇ ಒಂದು ಸಿಗಲಿಲ್ಲ: ಗೋಲ್‌ಕೀಪರ್ ಬಗ್ಗೆ. ಲಿಯೋ ಪಿಂಟೊ 1948ರ ಲಂಡನ್ ಚಿನ್ನದ ತಂಡಕ್ಕೆ ಗೋಲ್‌ಕೀಪರ್ ಆಗಿ ಹೋದದ್ದು ಇದೇ ಊರಿನಿಂದ. ಆದರೂ ಪರಿಷತ್ತಿನಲ್ಲಿ ಆ ಸ್ಥಾನದ ಮಾತೇ ಇಲ್ಲ.

ಮೊದಲ ಪಂದ್ಯದ ದಿನ ನಾನು ಕದ್ದು ಹೋದೆ. ದಾದರಿನಲ್ಲಿ ಬೇರೆ ಡಬ್ಬಿಗಳಲ್ಲಿ ಜಾಗ ಸಿಕ್ಕದೆ ಲಗೇಜ್ ಡಬ್ಬಿ ಹತ್ತಿದ್ದೆ. ಮೀನಿನ ಬುಟ್ಟಿಗಳ ನಡುವೆ ತನ್ನಷ್ಟೇ ದೊಡ್ಡ ಚೀಲ ಇಟ್ಟುಕೊಂಡು ಹದಿಮೂರರ ಹುಡುಗನೊಬ್ಬ ಕೂತಿದ್ದ. ಚೀಲದ ಜಿಪ್ ಹಾಕಲು ಬರುತ್ತಿರಲಿಲ್ಲ. ಪ್ಯಾಡು ಹೊರಗೆ ಚಾಚಿತ್ತು. ಮಳೆಯಲ್ಲಿ ಒಂದು ವಾರ ಒಣಗದ ಪ್ಯಾಡು. ಮೀನು ಮಾರುವ ಹೆಂಗಸು ಮೂಗಿಗೆ ಸೆರಗು ಹಿಡಿದು ಆಚೆ ಸರಿದು ಕೂತಳು. ಮೈದಾನದಲ್ಲಿ ಗೋಲಿಗೆ ನಿಂತವನು ಆ ಹುಡುಗನೇ. ಎದುರು ತಂಡದವನಿಗೆ ಮೀಸೆ ಇತ್ತು, ನಾನೇ ನೋಡಿದೆ. ಏಳು ಸಲ ಡಿ ಒಳಗೆ ನುಗ್ಗಿ ಹೊಡೆದ. ಏಳು ಸಲವೂ ಆ ಹಸಿ ಪ್ಯಾಡಿಗೆ ಬಡಿದ ಸದ್ದು ಮೆಟ್ಟಿಲವರೆಗೆ ಕೇಳಿತು.

ಸಂಜೆ ಹೋಟೆಲಿಗೆ ಬಂದಾಗ ಪರಿಷತ್ತು ಸೇರಿತ್ತು. ಶೆಟ್ಟರು ಕೇಳಿದರು: "ಎಷ್ಟಾಯ್ತು?"

"ಸೊನ್ನೆ-ಸೊನ್ನೆ."

"ಹಾಗಾದ್ರೆ ಎರಡು ಕಡೆಯಲ್ಲೂ ಆಡುವವರೇ ಇರ್ಲಿಲ್ಲ ಅನ್ನಿ" ಎಂದು ಅವರು ಗಲ್ಲೆ ಮುಚ್ಚಿದರು. ಬ್ಯಾಂಕಿನವರು ತಲೆದೂಗಿದರು. ನಾನು ಬರೆದುಕೊಂಡೆ.