ಕಪ್ಪುಚುಕ್ಕೆಯಿಲ್ಲದ ಸನ್ಮಾನಿತರು

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ತಿಂಗಳ ಕೊನೆಯ ದಿನದ ಮಧ್ಯಾಹ್ನ ಕಾಣಸಿಗುವ ವಿಶಿಷ್ಟ ವರ್ಗವೊಂದನ್ನು ವಯೋನಿವೃತ್ತ ಸನ್ಮಾನಿತರು ಎಂದು ಗುರುತಿಸಬಹುದು. ವಯೋನಿವೃತ್ತಿ ಎಂದರೆ ನೌಕರರು ತಾವಾಗಿ ಬಿಡದೆ, ಸರ್ಕಾರವೂ ಹೊರಗೆ ಹಾಕದೆ, ವಯಸ್ಸೊಂದೇ ಕಾರಣವಾಗಿ ಹುದ್ದೆಯಿಂದ ಬಿಡುಗಡೆ ಹೊಂದುವುದು. 2008ರಲ್ಲಿ ಈ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದರಿಂದ ನೌಕರರಿಗೆ ಎರಡು ವರ್ಷಗಳ ಸಂಬಳವೂ ಬೀಳ್ಕೊಡುಗೆಯ ಭಾಷಣಕಾರರಿಗೆ ಎರಡು ವರ್ಷಗಳ ಹೆಚ್ಚುವರಿ ಹೊಗಳಿಕೆಯೂ ಒದಗಿದವು.

ಈ ವರ್ಗದವರು ಮೇ 31ರಂದು ಅಸಾಧಾರಣ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಐತಿಹಾಸಿಕ ಕಾರಣವಿದೆ. ಹಿಂದಿನ ಕಾಲದ ಹಳ್ಳಿಗಳಲ್ಲಿ ಮಗುವಿನ ಕೈ ತಲೆಯ ಮೇಲಿಂದ ಹಾಯ್ದು ಆಚೆ ಕಿವಿಯನ್ನು ಮುಟ್ಟಿದರೆ ಅದಕ್ಕೆ ಶಾಲೆಯ ವಯಸ್ಸಾಯಿತೆಂದು ತೀರ್ಮಾನಿಸಿ, ಹುಟ್ಟಿದ ದಿನವನ್ನು ಮೇಷ್ಟ್ರೇ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮವಾದ್ದರಿಂದ, ಅಂದು ಮೇಷ್ಟ್ರ ಲೇಖನಿಯಿಂದ ಹುಟ್ಟಿದವರೆಲ್ಲ ಇಂದು ಒಂದೇ ಮಧ್ಯಾಹ್ನ ಹಾರ ಹಾಕಿಸಿಕೊಳ್ಳುತ್ತಾರೆ. ಆ ಮೇ 31ರಂದು ಹೂವಿನ ಬೆಲೆ ಏರುವುದು ಸಹಜ.

ಸಮಾರಂಭದ ವಿಧಿಗಳು ಎಲ್ಲ ಜಿಲ್ಲೆಗಳಲ್ಲೂ ಹೆಚ್ಚುಕಡಿಮೆ ಒಂದೇ: ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರ. ಒಡೆಯರ ಆಸ್ಥಾನದ ಗೌರವವಾಗಿದ್ದ ಪೇಟ ಈಗ ಅಂಗಡಿಯಲ್ಲಿ ಸಿದ್ಧರೂಪದಲ್ಲಿ ದೊರೆಯುವುದರಿಂದ ಅದು ಒಂದೋ ಕಿವಿಯವರೆಗೆ ಇಳಿಯುತ್ತದೆ, ಇಲ್ಲವೇ ನೆತ್ತಿಯ ಮೇಲೇ ನಿಂತುಬಿಡುತ್ತದೆ. ಫೋಟೋ ಮುಗಿಯುವವರೆಗೆ ಸನ್ಮಾನಿತರು ಕತ್ತು ಅಲುಗಿಸದೆ ಕುಳಿತಿರುವುದನ್ನು ಸಭಿಕರು ಗಾಂಭೀರ್ಯವೆಂದು ಭಾವಿಸುತ್ತಾರೆ. ಎರಡು ತಿಂಗಳ ಹಿಂದಷ್ಟೇ ವರ್ಗವಾಗಿ ಬಂದ ಅಧಿಕಾರಿಗಳು ಆಮಂತ್ರಣ ಪತ್ರಿಕೆಯತ್ತ ಕಣ್ಣು ಹಾಯಿಸಿ ಹೆಸರನ್ನು ಖಚಿತಪಡಿಸಿಕೊಂಡು, ಇವರು ಅಜಾತಶತ್ರು, ಎಲೆಮರೆಯ ಕಾಯಿ, ಕಪ್ಪುಚುಕ್ಕೆಯಿಲ್ಲದ ಸೇವೆ ಇವರದು ಎಂದು ಘೋಷಿಸುತ್ತಾರೆ. ಅಮಾನತು, ಇಲಾಖಾ ವಿಚಾರಣೆ, ವೇತನ ಬಡ್ತಿಯ ತಡೆ, ಇವು ಯಾವುವೂ ಆಗಲಿಲ್ಲವೆಂಬುದೇ ಭಾಷಣದ ಒಟ್ಟು ತಿರುಳಾಗಿದ್ದು, ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಆದದ್ದೇನು ಎಂಬ ಪ್ರಶ್ನೆ ಉಪ್ಪಿಟ್ಟು, ಕೇಸರಿಬಾತುಗಳ ಪರಿಮಳದಲ್ಲಿ ಯಾರಿಗೂ ಹೊಳೆಯುವುದಿಲ್ಲ. ಶ್ರೀಮತಿಯವರ ಸಹಕಾರವಿಲ್ಲದೆ ಈ ಸಾಧನೆ ಸಾಧ್ಯವಿರಲಿಲ್ಲ ಎಂಬ ಮಾತಿಗೆ ಚಪ್ಪಾಳೆ ಬೀಳುವಾಗ, ಪಕ್ಕದಲ್ಲಿ ಕುಳಿತ ಶ್ರೀಮತಿಯವರು ನಾಳೆಯಿಂದ ಮನೆಯಲ್ಲಿ ನಡೆಯಲಿರುವ ಆಡಳಿತ ಸುಧಾರಣೆಯನ್ನು ನೆನೆದು ಚಿಂತಿತರಾಗಿರುತ್ತಾರೆ.

ವಾಸ್ತವವಾಗಿ ಹೊಗಳಬೇಕಾದ ಗುಣವೊಂದು ಇವರಲ್ಲಿದ್ದು, ಅದನ್ನು ಮಾತ್ರ ಯಾವ ಭಾಷಣಕಾರರೂ ಎತ್ತುವುದಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ಕಡತಗಳ ಪೈಕಿ ಯಾವ ಊರಿನ, ಯಾವ ಸರ್ವೆ ನಂಬರಿನ ಕಾಗದ ಯಾವ ಗಂಟಿನಲ್ಲಿದೆ ಎಂಬುದು ಇವರೊಬ್ಬರಿಗೇ ಗೊತ್ತು. ‘ಭೂಮಿ’ ಯೋಜನೆಯಡಿ ಪಹಣಿಗಳು, ಅಂದರೆ ಜಮೀನಿನ ಒಡೆತನವನ್ನೂ ಬೆಳೆಯನ್ನೂ ದಾಖಲಿಸುವ ಪತ್ರಗಳು, ಕಂಪ್ಯೂಟರಿಗೆ ಸೇರಿದ ಮೇಲೂ, ಅಜ್ಜನ ಕಾಲದ ಖಾತೆ ಬದಲಾವಣೆಯನ್ನು ಹುಡುಕಿ ಬಂದ ರೈತರಿಗೆ ಕೊನೆಗೆ ದಾರಿ ತೋರಿದವರು ಇವರೇ. ಮೊದಲ ಸಲ ಬಂದವರಿಗೆ ‘ನಾಳೆ ಬನ್ನಿ’ ಎಂದದ್ದು ನಿಜ. ನಾಲ್ಕನೆಯ ಸಲ ಬಂದವರಿಗೆ ಕುರ್ಚಿ ಕೊಟ್ಟು ಗಂಟು ಬಿಚ್ಚಿದ್ದೂ ಅಷ್ಟೇ ನಿಜ. ಇದನ್ನು ಸೇವೆಯೆಂದು ಒಪ್ಪುವುದಾದರೆ ಪೇಟಕ್ಕೆ ಇವರು ಖಂಡಿತ ಅರ್ಹರು.

ಸನ್ಮಾನದ ನಂತರ ಇವರ ಬದುಕಿನಲ್ಲಿ ಪಿಂಚಣಿ ಕಡತವೆಂಬ ಅಧ್ಯಾಯ ತೆರೆದುಕೊಳ್ಳುತ್ತದೆ. ನೌಕರರ ನೇಮಕಾತಿ, ರಜೆ, ಬಡ್ತಿಗಳನ್ನೆಲ್ಲ ದಾಖಲಿಸುವ ಸೇವಾ ಪುಸ್ತಕವು ಬೆಂಗಳೂರಿನ ಮಹಾಲೇಖಪಾಲರ ಕಚೇರಿಯ ಪರಿಶೀಲನೆಗೆ ಹೋಗಬೇಕಾಗಿದ್ದು, ಯಾವುದೋ ಒಂದು ರಜೆಯ ನಮೂದಿಗೆ ಅಧಿಕಾರಿಯ ಸಹಿಯಿಲ್ಲವೆಂಬ ಆಕ್ಷೇಪಣೆಯೊಂದಿಗೆ ಅದು ಹಿಂದಿರುಗುವುದೂ ಉಂಟು. ಇಂಥ ಆಕ್ಷೇಪಣೆಗಳನ್ನು ಜೀವನವಿಡೀ ಅಂದವಾದ ಅಕ್ಷರಗಳಲ್ಲಿ ಬರೆದ ಕೈಗೆ ಈಗ ಅದಕ್ಕೆ ಉತ್ತರ ಬರೆಯುವ ಯೋಗ. ಅವರು ಹಳೆಯ ಕಚೇರಿಗೆ ಹೋದರೆ, ಅವರೇ ತರಬೇತಿ ಕೊಟ್ಟ ಹುಡುಗ ಕನ್ನಡಕದ ಮೇಲಿಂದ ನೋಡಿ, ‘ಸರ್, ನಾಳೆ ಬನ್ನಿ’ ಎನ್ನುತ್ತಾನೆ. ಶಿಷ್ಯನ ಉಚ್ಚಾರಣೆಯಲ್ಲಿ ಯಾವ ದೋಷವೂ ಇರುವುದಿಲ್ಲ.

ಕಡತ ಇತ್ಯರ್ಥವಾಗಿ ಪಿಂಚಣಿ ಬರತೊಡಗಿದ ಮೇಲೆ, ಪ್ರತಿವರ್ಷ ನವೆಂಬರಿನಲ್ಲಿ ಸನ್ಮಾನಿತರು ತಾವು ಬದುಕಿರುವುದಾಗಿ ಜೀವಂತ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ. ಸನ್ಮಾನಪತ್ರವನ್ನು ಈ ಉದ್ದೇಶಕ್ಕೆ ಪರಿಗಣಿಸಲಾಗುವುದಿಲ್ಲ.