ಮೀನುನೀರಿನ ಮಹಾಶಯರಿಗೆ

ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಆಲಿವ್ ಎಣ್ಣೆಯ ಬಲಗಡೆ ವಿರಾಜಮಾನರಾಗಿರುವ ಶ್ರೀಮಾನ್ ನಾಮ್ ಪ್ಲಾ ಅವರಿಗೆ, ಹುಟ್ಟಿದ್ದು ಕುಂದಾಪುರದ ಕಡೆ, ಸದ್ಯ ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿರುವವನ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ತಾವು ಇನ್ನೂ ಎರಡು ವರ್ಷ ಕ್ಷೇಮವಾಗಿರುತ್ತೀರೆಂದು ಸೀಸೆಯ ಮೇಲೇ ಅಚ್ಚು ಹಾಕಿದ್ದಾರೆ, ಹಾಗಾಗಿ ಕೇಳುವುದಿಲ್ಲ.

ತಮ್ಮನ್ನು ಮನೆಗೆ ತಂದ ದಿನ ಅಮ್ಮ ಊರಿಂದ ಬಂದಿದ್ದಳು. ಮುಚ್ಚಳ ತೆಗೆದು, ಒಮ್ಮೆ ಮೂಸಿ, ಮುಖ ಆಚೆ ತಿರುಗಿಸಿ ಕೇಳಿದಳು: "ಇದ್ ಒಣ್ಮೀನ್ ತೊಳ್ದ್ ನೀರ್ ಅಲ್ದಾ? ಇದ್ಕ್ ದುಡ್ಡ್ ಕೊಟ್ ತಂದ್ಯಾ?" ನಾನು ಗತ್ತಿನಿಂದ, ಅಮ್ಮ, ಇದು ಥಾಯ್ಲೆಂಡಿನದು, ಇದಕ್ಕೆ ನಾಮ್ ಪ್ಲಾ ಅಂತಾರೆ, ಎಂದೆ. ಆಮೇಲೆ ವಿಚಾರಿಸಿದರೆ ಥಾಯ್ ಭಾಷೆಯಲ್ಲಿ ನಾಮ್ ಅಂದರೆ ನೀರು, ಪ್ಲಾ ಅಂದರೆ ಮೀನು. ಗಂಗೊಳ್ಳಿಯಾಚೆ ಹೆಚ್ಚು ತಿರುಗಾಡದ ಹೆಂಗಸು ಬರೀ ಮೂಗಿನಿಂದಲೇ ಥಾಯ್ ಅನುವಾದ ಮಾಡಿ ಮುಗಿಸಿದ್ದಳು.

ತಮ್ಮ ಕುಲಗೋತ್ರವನ್ನೂ ವಿಚಾರಿಸಿದೆ, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಕೊಲ್ಲತರು, ಬೊಳಂಜಿರ್ ಎಂದು ಕರೆಯುತ್ತೇವಲ್ಲ, ಆ ಬಳಗದ ಬೆರಳುದ್ದದ ಮೀನು. ಸುಮಾರು ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು. ತೊಟ್ಟಿಯಲ್ಲಿ ತುಂಬಿ ಒಂದು ವರ್ಷವೋ ಇನ್ನೂ ಹೆಚ್ಚೋ ಮುಚ್ಚಿಡುತ್ತಾರೆ. ಮೀನಿನ ಹೊಟ್ಟೆಯೊಳಗಿನ ಕಿಣ್ವಗಳೇ ಮೀನನ್ನು ಕರಗಿಸುತ್ತವೆ, ಕೊಳೆಯದಂತೆ ಉಪ್ಪು ಕಾವಲು ಕೂರುತ್ತದೆ. ನಮ್ಮಲ್ಲೂ ಅದೇ ಮೀನು, ಅದೇ ಉಪ್ಪು. ತಮ್ಮವರು ಇಳಿದ ರಸವನ್ನು ಇಟ್ಟುಕೊಂಡರು; ನಮ್ಮವರು ಬಿಸಿಲಿಗೆ ಹರಡಿ, ರಸವನ್ನು ಸೂರ್ಯನಿಗೆ ಬಿಟ್ಟು, ಮೀನನ್ನು ಇಟ್ಟುಕೊಂಡರು. ಅಲ್ಲಿಂದ ಮುಂದೆ ಇಬ್ಬರ ಜಾತಕವೂ ಬೇರೆಯಾಯಿತು. ವಿಯೆಟ್ನಾಂನ ಫು ಕ್ವಾಕ್ ದ್ವೀಪದಲ್ಲಿರುವ ತಮ್ಮ ದಾಯಾದಿ ನುವೊಕ್ ಮಾಮ್ ಅವರಿಗೆ 2012ರಲ್ಲಿ ಯುರೋಪ್ ಒಕ್ಕೂಟವೇ ಊರಹೆಸರಿನ ಮಾನ್ಯತೆ ಕೊಟ್ಟು ರಕ್ಷಣೆ ಒದಗಿಸಿತು. ನನ್ನ ಒಣಮೀನಿಗೆ ಸಿಕ್ಕ ಲಿಖಿತ ಮಾನ್ಯತೆಯೆಂದರೆ ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನದು.

ಅದು ಹೋದ ಮಳೆಗಾಲದ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಆ ದಿನಗಳಲ್ಲಿ ಗಂಜಿಯ ಪಕ್ಕ ಕೂರುವುದು ಒಣ ಚಟ್ಲಿ ಚಟ್ನಿ. ಚಟ್ಲಿ ಅಂದರೆ ಬೆಂಗಳೂರಿನವರ ಸಿಗಡಿ. ನಾನೂ ಕಾವಲಿಯ ಮೇಲೆ ಒಂದು ಮುಷ್ಟಿ ಚಟ್ಲಿ ಹುರಿಯಲು ಹಾಕಿದೆ, ಕಾಯಿ ತುರಿದುಕೊಂಡೆ, ಒಣಮೆಣಸು ಸುಟ್ಟೆ. ಹತ್ತು ನಿಮಿಷದಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ: ಎಲ್ಲಾದರೂ ಗ್ಯಾಸ್ ಸೋರುತ್ತಿದೆಯೇ? ಸೆಕ್ಯುರಿಟಿಯವನು ಹಾಡಹಗಲೇ ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿದ. ಮರುದಿನ ಬೋರ್ಡಿನಲ್ಲಿ ಒಂದು ಚೀಟಿ, ಇತರರ ನೆಮ್ಮದಿಗೆ ಭಂಗ ತರುವ ಅಡುಗೆಗಳ ಬಗ್ಗೆ. ಮೀನು ಅಂತ ಬರೆದಿರಲಿಲ್ಲ. ಸಭ್ಯರು.

ಈಗ ತಮ್ಮ ವಿಚಾರಕ್ಕೆ ಬರುತ್ತೇನೆ. ಅದೇ ತಿಂಗಳಲ್ಲಿ ಆ ಚೀಟಿ ಬರೆದ ಕುಟುಂಬವನ್ನೇ ಊಟಕ್ಕೆ ಕರೆದೆ. ಅವರು ಮೀನು ತಿನ್ನುತ್ತಾರೆ, ಮೀನಿನಂತೆ ನಾರಬಾರದು ಅಷ್ಟೆ. 'ಏಷ್ಯನ್ ಶೈಲಿಯ ಸರಳ ಸೀಫುಡ್' ಮಾಡುತ್ತೇನೆ ಎಂದಿದ್ದೆ. (ಈ ಮಾತು ಕಂಡಾಗಲೆಲ್ಲ ಶಾಲೆಯ ಅಟ್ಲಾಸ್ ತೆಗೆದು ಕುಂದಾಪುರ ಯಾವ ಖಂಡದಲ್ಲಿದೆ ಎಂದು ನೋಡಿಕೊಳ್ಳಬೇಕೆನಿಸುತ್ತದೆ.) ಥಾಯ್ ಮನೆಗಳಲ್ಲಿ ಮಾಡುವ ನಿಂಬೆಹುಳಿಯ ಹಬೆಮೀನು. ಒಂದು ಮಾಂಜಿ ಮೀನಿಗೆ, ಪಾಂಫ್ರೆಟ್ ಅನ್ನಿ, ಎರಡೂ ಕಡೆ ಗೀರು ಹಾಕಿ, ಸ್ಟೀಲ್ ತಟ್ಟೆಯಲ್ಲಿ ಮಲಗಿಸಿ, ಇಡ್ಲಿ ಪಾತ್ರೆಯಲ್ಲಿ ಇಟ್ಟೆ. ಉಡುಪಿ ಅಂದರೆ ಲೋಕಕ್ಕೆಲ್ಲ ಇಡ್ಲಿ ನೆನಪಾಗುತ್ತದೆ, ಅಲ್ಲಿಂದ ಆರು ಕಿಲೋಮೀಟರ್ ಆಚೆಗಿನ ಮಲ್ಪೆ ಬಂದರು ನೆನಪಾಗುವುದಿಲ್ಲ. ಆ ದಿನ ನನ್ನ ಪಾತ್ರೆಯೊಳಗೆ ಎರಡೂ ರಾಜಿಯಾದವು. ನೀರು ಕುದಿ ಬಂದ ಮೇಲೆ ಇಟ್ಟರೆ ಎಂಟರಿಂದ ಹತ್ತು ನಿಮಿಷ ಸಾಕು. ಈ ಕಡೆ ಬಟ್ಟಲಲ್ಲಿ ಎರಡು ನಿಂಬೆಹಣ್ಣಿನ ರಸ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಚಿಟಿಕೆ ಸಕ್ಕರೆ, ಕೊತ್ತಂಬರಿ ಮತ್ತು ತಾವು. ಮೀನು ಬೆಂದ ಮೇಲೆ ಇದನ್ನು ಸುರಿಯಬೇಕು. ನಿಂಬೆ ಒಲೆ ಹತ್ತಿದರೆ ಕಹಿಯಾಗುತ್ತದೆ.

ಮೊದಲ ಸಲ ಮಾಡಿದಾಗ ತಮ್ಮನ್ನು ಹುಣಸೆರಸದ ಹಾಗೆ ಭಾವಿಸಿ ಸೌಟಿನಲ್ಲಿ ಹೊಯ್ದಿದ್ದೆ, ಮೇಲಿಂದ ರೂಢಿಯಂತೆ ಉಪ್ಪನ್ನೂ ಹಾಕಿದ್ದೆ. ಆ ಮೀನು ಸತ್ತ ಮೇಲೂ ಸಮುದ್ರ ಬಿಟ್ಟಿರಲಿಲ್ಲ. ತಾವೇ ಉಪ್ಪು ಎಂಬುದನ್ನು ಅಂದು ಕಲಿತೆ. ಈಗ ಚಮಚ, ಅದೂ ಒಂದೂವರೆ.

ಅತಿಥಿಗಳು ತಿಂದರು. ಆ ಮನೆಯಾಕೆ ಕಣ್ಣು ಮುಚ್ಚಿ, "ಇದರಲ್ಲಿ ಏನೋ ಒಂದು ಆಳ ಇದೆ, ಅಲ್ವಾ?" ಎಂದರು. ಇರದೆ ಏನು, ಸಮುದ್ರದ್ದು. ಆ ಆಳಕ್ಕೆ 1908ರಲ್ಲೇ ಜಪಾನಿನ ಕಿಕುನಾಯೆ ಇಕೆಡ ಎಂಬ ರಸಾಯನಶಾಸ್ತ್ರಜ್ಞ ಹೆಸರಿಟ್ಟಿದ್ದ, ಉಮಾಮಿ ಎಂದು. ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ ತೋರಿಸಿದ. ಮೀನಿನ ಪ್ರೋಟೀನು ತೊಟ್ಟಿಯಲ್ಲಿ ಒಡೆದಾಗ ತಮ್ಮೊಳಗೆ ತುಂಬುವುದೂ ಅದೇ, ಒಣ ಚಟ್ಲಿಯನ್ನು ಕಡೆಗಲ್ಲಿಗೆ ಹಾಕಿದಾಗ ನಾಲಿಗೆ ಕಾಯುವುದೂ ಅದಕ್ಕೇ. ನಾನು ಬಾಯಿ ಬಿಡಲಿಲ್ಲ. ಇನ್ನೊಂದು ತುಂಡು ಬಡಿಸಿದೆ.

ನಿಂಬೆಯ ವಿಷಯ ಒಂದು ಹೇಳಬೇಕು. ಮೀನು ಹಳತಾದಂತೆ ನಾರುವುದು ಟ್ರೈಮೀಥೈಲ್‌ಅಮೀನ್ ಎಂಬ ಕ್ಷಾರದಿಂದ. ಹುಳಿ ತಗುಲಿದರೆ ಅದು ಲವಣವಾಗಿ ಅಲ್ಲೇ ಕೂರುತ್ತದೆ, ಗಾಳಿಗೆ ಏರುವುದಿಲ್ಲ. ಬ್ಯಾಂಕಾಕಿನಲ್ಲಿ ನಿಂಬೆ ಮಾಡುವ ಈ ಕೆಲಸವನ್ನು ನಮ್ಮಲ್ಲಿ ಹುಣಸೆ, ಬಿಂಬುಳಿ, ವಾಟೆಹುಳಿ ಸರದಿಯಂತೆ ಮಾಡಿಕೊಂಡು ಬಂದಿವೆ. ತುಳುವಿನವರು ಪುಳಿಮುಂಚಿ ಎನ್ನುವಾಗ ಹುಳಿ, ಮೆಣಸು ಎಂದು ಪಾಕವಿಧಾನವನ್ನೇ ಹೆಸರಾಗಿಸಿದ್ದಾರೆ. ಆ ಮೆಣಸಾದರೂ ಇಬ್ಬರದೂ ಅಲ್ಲ, ಅಮೆರಿಕ ಖಂಡದ್ದು. ಪೋರ್ಚುಗೀಸರು ಹಡಗಿನಲ್ಲಿ ತಂದದ್ದು. ಇನ್ನು ನಾಲಿಗೆ ಜುಮ್ಮೆನಿಸುವ ಸಿಚುವಾನ್ ಪೆಪ್ಪರ್ ಅಂತ ಗುಲಗಂಜಿಯಷ್ಟಕ್ಕೆ ಬಂಗಾರದ ಬೆಲೆ ಕೊಟ್ಟು ತಂದೆನಲ್ಲ, ಅದು ನಮ್ಮ ಜುಮ್ಮನಕಾಯಿಯ ಕುಲದ್ದೇ, ಇಬ್ಬರೂ ಝಾಂಥಾಕ್ಸೈಲಮ್ ವಂಶಸ್ಥರು. ಅಮ್ಮ ಬಂಗಡೆ ಸಾರಿಗೆ ಜಜ್ಜಿ ಹಾಕುವ ಜುಮ್ಮನಕಾಯಿ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿದೆ. ಅದಕ್ಕೆ ಯಾರೂ ಲೇಬಲ್ ಅಂಟಿಸಲಿಲ್ಲ.

'ಸರಳ' ಎಂಬ ಪದದ ಮೇಲೆ ಮಾತ್ರ ನನಗೆ ನಿಜವಾದ ಸಿಟ್ಟಿದೆ. ಈ ಪಾಕಗಳೆಲ್ಲ ಸರಳವೇ, ಒಂದು ಷರತ್ತಿನ ಮೇಲೆ: ತಾಜಾ ಮೀನು ತೆಗೆದುಕೊಳ್ಳಿ. ಬರೆಯಲು ಮೂರು ಪದ. ಬೆಂಗಳೂರಿನ ಮೀನು ರಾತ್ರಿಯಿಡೀ ಐಸ್ ಹೊದ್ದು ಘಟ್ಟ ಹತ್ತಿ ಬಂದದ್ದು. ಕಿವಿರು ಎತ್ತಿ ನೋಡಿದರೆ ಕೆಂಪಿರಬೇಕಾದಲ್ಲಿ ಕಂದು, ಕಣ್ಣು ನೋಡಿದರೆ ನನ್ನ ಸೋಮವಾರದ ಕಣ್ಣು. ಹಬೆಯಲ್ಲಿ ಬೇಯಿಸಿದ ಮೀನು ಏನನ್ನೂ ಮುಚ್ಚಿಡುವುದಿಲ್ಲ. ತೆಂಗಿನಕಾಯಿ ಅರೆದ ಸಾರಿನಲ್ಲಿ ಸಣ್ಣಪುಟ್ಟ ತಪ್ಪು ನಡೆದುಹೋಗುತ್ತದೆ. ಹಾಗಾಗಿ ಆ ಮಾಂಜಿ ಹುಡುಕಲು ಎರಡು ಭಾನುವಾರ, ಮೂರು ಮಾರುಕಟ್ಟೆ ಆಯಿತು. ಬೊಂಡಾಸ್, ಅಂದರೆ ಸ್ಕ್ವಿಡ್, ಅದರ ಕಥೆ ಇನ್ನೊಂದು ಥರ. ಎರಡು ನಿಮಿಷದಲ್ಲಿ ಇಳಿಸಬೇಕು, ಇಲ್ಲವಾದರೆ ಮುಕ್ಕಾಲು ಗಂಟೆ ಬೇಯಿಸಬೇಕು, ನಡುವೆ ಇರುವುದೆಲ್ಲ ಹವಾಯಿ ಚಪ್ಪಲಿ. ಇದೂ ಸರಳವೇ.

ಕೊನೆಗೊಂದು ವಿನಂತಿ. ಈ ಜೂನಿನಲ್ಲೂ ಅಮ್ಮನ ಪಾರ್ಸೆಲ್ ರಾತ್ರಿ ಬಸ್ಸಿನಲ್ಲಿ ಬಂದಿದೆ. ನಾಲ್ಕು ಸುತ್ತು ಪೇಪರ್, ಎರಡು ಪ್ಲಾಸ್ಟಿಕ್ ಚೀಲ, ಮೇಲೆ ದಪ್ಪ ಅಕ್ಷರದಲ್ಲಿ 'ಹಪ್ಪಳ' ಎಂದು ಬರೆದಿದೆ. ಕಂಡಕ್ಟರು ನಂಬಿದರೋ ಇಲ್ಲವೋ, ಹಪ್ಪಳ ಬಂತು ತಗೊಳ್ಳಿ ಎಂದು ನಗುತ್ತ ಕೊಟ್ಟರು. ಗಾಳಿಯಾಡದ ಡಬ್ಬಿಗೆ ತುಂಬಿಸಿದ್ದೇನೆ. ಕಪಾಟಿನಲ್ಲಿ ತಮ್ಮ ಎಡಗಡೆ ಆಲಿವ್ ಎಣ್ಣೆ, ಬಲಗಡೆ ಗೋಡೆ. ಸ್ವಲ್ಪ ಸರಿದು ಕೂತರೆ ಡಬ್ಬಿ ಹಿಡಿಸುತ್ತದೆ. ಹೇಗೂ ಸಂಬಂಧಿಕರೇ.

ಇಂತಿ ತಮ್ಮ,
ನಾಲ್ಕನೇ ಮಹಡಿಯ ಗ್ಯಾಸ್ ಸೋರಿಕೆ