ಅತಿಥಿ ಅಯ್ಯನವರೂ ಅಡಗಿದ ಸ್ವಿಚ್ಚೂ

“ಬದಲಿ ಸಭಾಪಾಲಕ ಅಯ್ಯನವರಿಗೆ ಏನು ತಯಾರಿ?” “ಹಾರ, ಶಾಲು, ಬಿರಿಯಾನಿ.” “ಆರಾಧನಾ ಕ್ರಮ?” “ಅವರಿಗೆ ಗೊತ್ತಿರುತ್ತೆ ಬಿಡಿ.”

ಗೊತ್ತಿರುವುದಿಲ್ಲ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಯಾವಾಗ ಏಳಬೇಕು, ಯಾವಾಗ ಕೂರಬೇಕೆಂಬುದು ಮಾತ್ರ ಇಂದಿಗೂ ಊರಿಗೊಂದು ರೂಢಿ. ಬೆಂಗಳೂರಿನ ನಾಯಂಡಹಳ್ಳಿಯ ಸಭೆಯಾದರೆ, ಅಲ್ಲಿಗೆ 2021ರಲ್ಲೇ ಮೆಟ್ರೊ ಬಂದಿದೆ, ಅತಿಥಿ ಸಮಯಕ್ಕೆ ಇಳಿದಾರು. ಮೈಕಿನ ಸ್ವಿಚ್ಚು ಪರದೆಯ ಹಿಂದಿದೆಯೆಂದು ಮೆಟ್ರೊ ಹೇಳುವುದಿಲ್ಲ. ಕೀಬೋರ್ಡಿನ ಕತೆ ಇನ್ನೂ ಚೆಂದ: ಖಾಯಂ ವಾದಕರು ಟ್ರಾನ್ಸ್‌ಪೋಸ್ ಗುಂಡಿಯನ್ನು ನಾಲ್ಕು ಮನೆ ಏರಿಸಿಟ್ಟು ರಜೆ ಹಾಕಿರುತ್ತಾರೆ, ಬದಲಿಯವರು ಹಾಗೇ ನುಡಿಸಿದರೆ ಸಭೆಯ ಕಂಠ ಮೂರನೇ ಸಾಲಿಗೇ ಕೈಕೊಡುತ್ತದೆ.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅತಿಥಿಗೆ ಕೊಡಿ ಎಂದರೆ, “ಪವಿತ್ರಾತ್ಮ ನಡೆಸುವಾಗ ಚೀಟಿ ಯಾಕ್ರೀ?” ನಡೆಸಲಿ, ಬಿರಿಯಾನಿ ಅಕ್ಕಿಗೆ ನೀವೇ ಚೀಟಿ ಬರೆದಿರಲ್ಲ! ಅದರ ಹಿಂಬದಿ ಖಾಲಿಯಿದೆ: ಕೀರ್ತನೆ ಸಂಖ್ಯೆ, ರಾಗ, ಎಷ್ಟು ಚರಣ, ಕಾಣಿಕೆ ಯಾವಾಗ.